ಮಲಗುವ ಮಶೀನಿಗೆ ಪಾಳಿ ಕಾದವನು

ಕಾಶೀನಾಥ ಸತ್ತ ಮೇಲೆ ಅವನನ್ನು ಹೊಗಳಿದವರೆಲ್ಲ ಅವನು ಬದುಕಿದ್ದಾಗ ಅವನ ಫೋನ್ ಎತ್ತದವರು. ಹೆಂಡತಿ ವಾಸಂತಿ ಅದನ್ನು ಯಾರ ಮುಂದೂ ಆಡಲಿಲ್ಲ. ಗಂಡ ಹೋದ ಹೆಂಗಸು ಏನಂದರೂ ದುಃಖಕ್ಕೆ ಅಂದಳು ಅನ್ನುತ್ತಾರೆ. ಹಾಗೆ ಅನ್ನಿಸಿಕೊಳ್ಳುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದು ಚಲೋ.

ಅವನು ಬಾಗಲಕೋಟೆ ಕಡೆಯವ. ವಾಯುಸೇನೆಯಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸ. ಕರೆಂಟು ಹೋದರೆ ಅವನ ಮಶೀನು ಎದ್ದು ನಿಲ್ಲಬೇಕು, ಅಷ್ಟೇ ನೌಕರಿ. ಕರೆಂಟು ಹೋಗದಿದ್ದರೆ? ಕಾಯುತ್ತ ಕೂಡುವುದು. ಕಾಯುವುದರಲ್ಲೇ ಅರ್ಧ ಆಯುಷ್ಯ ಕಳೆದ. ಕೊನೆಯ ಪೋಸ್ಟಿಂಗ್ ನಾಗಪುರ. ಇಲ್ಲೇ ಪೆನ್ಶನ್ ಆಯಿತು, ಇಲ್ಲೇ ಮನೀಶ್ ನಗರದಲ್ಲಿ ಎರಡು ಕೋಣೆಯ ಮನೆ ಆಯಿತು. ಮಕ್ಕಳಾಗಲಿಲ್ಲ. ಊರಿಗೆ ಹೋಗೋಣ ಅಂದರೆ ಅಲ್ಲಿ ಯಾರಿದ್ದಾರೆ ಅನ್ನುತ್ತಿದ್ದ. ಇಲ್ಲಿ ಯಾರಿದ್ದಾರೆ ಅಂದರೆ ಪೇಪರ್ ಎತ್ತಿಕೊಳ್ಳುತ್ತಿದ್ದ.

ಪೆನ್ಶನ್ ಆದ ಮನುಷ್ಯ ತೆಪ್ಪಗೆ ಕೂಡಬೇಕಲ್ಲ, ಇವನು ಕೂಡಲಿಲ್ಲ. ಬೆಳಿಗ್ಗೆ ಎದ್ದು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ಎಲ್ಲಿಗೆ ಹೊರಟ? ಹಾಲು ತರಲಿಕ್ಕೆ. ಬಿಲ್ಡಿಂಗಿನ ನೀರಿನ ಟಾಕಿ ತುಂಬಿತೋ ಇಲ್ಲವೋ ಎಂದು ಮೇಲೆ ಹತ್ತಿ ನೋಡುತ್ತಿದ್ದ. ಅದನ್ನು ನೋಡಲಿಕ್ಕೆ ಒಬ್ಬ ವಾಚ್‌ಮನ್ ಇದ್ದ. ಸಾಹೇಬರೇ, ಪಂಪು ತಾನೇ ಬಂದ್ ಆಗುತ್ತದೆ ಎಂದು ಅವನು ಮರಾಠಿಯಲ್ಲಿ ತಿಳಿಸಿ ಹೇಳಿದರೆ ಇವನು ‘ಆದರೂ’ ಅನ್ನುತ್ತಿದ್ದ. ಆ ‘ಆದರೂ’ ಕೇಳಿ ಕೇಳಿ ವಾಸಂತಿಗೆ ಸಾಕಾಗಿ ಹೋಗಿತ್ತು.

ನಾಗಪುರದಲ್ಲಿ ಕನ್ನಡದವರದೊಂದು ಸಂಘ ಇದೆ. ನವೆಂಬರಿಗೆ ಬಾವುಟ, ಸಂಕ್ರಾಂತಿಗೆ ಎಳ್ಳು, ವರ್ಷಕ್ಕೊಮ್ಮೆ ಅಖಂಡ ಭಜನೆ. ಉಳಿದ ದಿನ ಜಗಳ. ಅಧ್ಯಕ್ಷರು ಕೃಷ್ಣಪ್ರಸಾದ. ಮೈಸೂರು ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಕುರ್ಚಿಯಿಂದ ಇಳಿದವರು. ಮೈಕ್ ಕಂಡರೆ ಅವರಿಗೆ ಬಿಡಲಾಗದು. ಮೈಕಿಗೆ ಅವರನ್ನು ಕಂಡರೆ ಏನನ್ನಿಸುತ್ತದೋ ಯಾರೂ ಕೇಳಿಲ್ಲ.

ಆ ವರ್ಷ ನಾಗಪುರದ ಹತ್ತಿರದ ಕಾಮಠಿಯಲ್ಲಿ ಒಂದು ಸಂಗತಿ ಆಯಿತು. ಸೈನ್ಯದ ಕ್ವಾರ್ಟರ್ಸಿಗೆ ಹೊಸದಾಗಿ ಬಂದ ಜವಾನನೊಬ್ಬನ ಹೆಂಡತಿ, ಲಾಸ್ಯ ಅಂತ, ಹಾವೇರಿ ಕಡೆಯ ಹುಡುಗಿ. ಗಂಡ ಗಡಿಗೆ ಹೋಗಿದ್ದಾಗ ಕೂಸಿಗೆ ಜ್ವರ ಬಂತು. ದವಾಖಾನೆಗೆ ಎತ್ತಿಕೊಂಡು ಓಡಿದಳು. ಡಾಕ್ಟರು ಹಿಂದಿಯಲ್ಲಿ ಏನೇನೋ ಕೇಳಿದರು. ಇವಳಿಗೆ ಹಿಂದಿ ಬಾರದು. ಕೇಳಿದ್ದಕ್ಕೆಲ್ಲ ತಲೆ ಆಡಿಸಿದಳು. ಯಾವ ಔಷಧ ಆ ಕೂಸಿಗೆ ಆಗಿಬರುವುದಿಲ್ಲವೋ ಅದಕ್ಕೂ ತಲೆ ಆಡಿಸಿದಳು. ಕೂಸಿನ ಮೈಯೆಲ್ಲ ದದ್ದು ಎದ್ದು, ಉಸಿರು ಸಿಕ್ಕಿಕೊಂಡು, ಹೇಗೋ ಉಳಿಯಿತು.

ಸಂಘದ ಮೀಟಿಂಗಿನಲ್ಲಿ ಇದನ್ನು ಕೇಳಿ ಎಲ್ಲರೂ “ಪಾಪ” ಅಂದರು. ಅಂದು ಮುಗಿಸಿ ರಾಜ್ಯೋತ್ಸವದ ಲಾಡು ಎಲ್ಲಿಂದ ತರಿಸುವುದು ಎನ್ನುವ ಚರ್ಚೆಗೆ ಕೂತರು.

ಕಾಶೀನಾಥ ಮನೆಗೆ ಬಂದು ಊಟಕ್ಕೆ ಕೂಡಲಿಲ್ಲ. “ಅಕಿ ಕಡೆ ಒಂದು ನಂಬರ್ ಇದ್ದಿದ್ರ ಸಾಕಿತ್ತು” ಅಂದ. “ನಿನಗ ಫೋನ್ ಹಚ್ಚತಿದ್ಲು. ನೀ ಆ ಡಾಕ್ಟರ್ ಕೂಡ ಮಾತಾಡತಿದ್ದಿ.”

“ನನಗ್ಯಾಕ? ಸಂಘದಾಗ ಎಷ್ಟ ಮಂದಿ ಇದ್ದಾರ, ಕಲ್ತವರು.”

“ಅವರಿಗೆ ಇಂಗ್ಲಿಷ್ ಬರತೈತಿ. ಬಜಾರದ ಹಿಂದಿ ನಿನಗ ಬರತೈತಿ.”

ಅದು ಖರೆ. ವಾಸಂತಿ ಶಾಲೆಯ ಮುಖ ಸರಿಯಾಗಿ ನೋಡಿದವಳಲ್ಲ. ಆದರೆ ಊರೂರು ತಿರುಗಿ, ತರಕಾರಿಯವರ ಜೊತೆ, ಗ್ಯಾಸಿನವರ ಜೊತೆ, ಕಂಪೌಂಡರುಗಳ ಜೊತೆ ಬಡಿದಾಡಿ ಹಿಂದಿ, ಮರಾಠಿ ಎರಡೂ ಬಾಯಿಗೆ ಹತ್ತಿದ್ದವು.

ಅಂದಿನಿಂದ ಅವನು ಕಂಪ್ಯೂಟರಿಗೆ ಬಿದ್ದ. ಮೊಬೈಲಿನಲ್ಲಿ ವಿಡಿಯೋ ನೋಡುವುದು, ಹಳೆಯ ಲ್ಯಾಪ್‌ಟಾಪಿನಲ್ಲಿ ಬರೆಯುವುದು, ಅಳಿಸುವುದು. ಒಂದು ವೆಬ್ ಆ್ಯಪ್ ಕಟ್ಟುತ್ತೇನೆ ಅಂದ. ಕನ್ನಡದ ಹೆಂಗಸೊಬ್ಬಳು ಫೋನಿನಲ್ಲಿ ಅದನ್ನು ತೆರೆಯಬೇಕು, ತಾನು ಎಲ್ಲಿದ್ದೇನೆ ಎಂದು ಒತ್ತಬೇಕು. ಕಾಮಠಿಯೋ, ಖಾಪರಖೇಡಾವೋ, ಮನೀಶ್ ನಗರವೋ. ಹತ್ತಿರದ ಕನ್ನಡದವರ ಹೆಸರು, ನಂಬರು ಬರಬೇಕು. ಅಷ್ಟೇ. ಅಷ್ಟಕ್ಕೆ ಚಳಿಗಾಲ ಪೂರಾ ಹೋಯಿತು. ಜನರೇಟರಿಗೆ ಎಣ್ಣೆ ಹಾಕಿದ ಕೈ ಒಂದೊಂದೇ ಅಕ್ಷರ ಕುಟ್ಟುತ್ತಿದ್ದರೆ ವಾಸಂತಿ ಅಡುಗೆಮನೆಯಿಂದಲೇ “ಗೋದಿ ಆರಸಾಕ ಕೂತೀರೇನ್ರೀ?” ಅನ್ನುತ್ತಿದ್ದಳು.

ಒಂದು ದಿನ ಕರೆದು ತೋರಿಸಿದ. ಒತ್ತಿದರೆ ಹೆಸರು ಬರುತ್ತಿತ್ತು.

“ಆತಲ್ಲ ಮತ್ತ” ಅಂದಳು.

“ಆಗಿಲ್ಲ. ಇದು ಈ ಲ್ಯಾಪ್‌ಟಾಪಿನ್ಯಾಗಷ್ಟ ನಡೀತೈತಿ. ಈಗ ಡಿಪ್ಲಾಯ್ ಮಾಡಬೇಕು.”

“ಹಂಗಂದ್ರ?”

“ಪೋಸ್ಟಿಂಗ್ ಅಂತ ತಿಳಕೋ. ನಮ್ಮನ್ಯಾಗಿಂದ ಎತ್ತಿ ಕ್ಲೌಡಿಗೆ ಕಳಸೂದು.”

“ಮೋಡಕ್ಕ?”

“ಮೋಡ ಅಂತ ಹೆಸರಷ್ಟ. ಯಾವದೋ ಊರಾಗ ಯಾರದೋ ಮಶೀನು. ಅದರಾಗ ನಮಗೊಂದು ಮೂಲಿ ಕೊಡತಾರ. ಪುಕಟ.”

“ಪುಕಟ ಮೂಲ್ಯಾಗ ಏನಿರತೈತಿ ನನಗ ಗೊತ್ತೈತಿ. ಜೋಧಪುರದಾಗ ಕ್ವಾರ್ಟರ್ಸ್ ಕೊಟ್ಟಿದ್ರಲ್ಲ. ಇಲಿ ಇದ್ದವು.”

ಪೋಸ್ಟಿಂಗ್ ಸುಲಭಕ್ಕೆ ಆಗಲಿಲ್ಲ. ಕಳಿಸಿದಾಗೊಮ್ಮೆ ಕೆಂಪು ಸಾಲುಗಳು ಬರುತ್ತಿದ್ದವು. ಅದು ಇಲ್ಲ, ಇದು ಇಲ್ಲ ಎಂದು ಬೈಯುವ ಸಾಲುಗಳು. ಅವನು ಒಂದೊಂದನ್ನೂ ಕಾಗದದ ಮೇಲೆ ಬರೆದುಕೊಂಡು ಹುಡುಕುತ್ತಿದ್ದ. ಕೊನೆಗೆ ಪೇಜು ಬಂತು, ಹೆಸರುಗಳು ಬರಲಿಲ್ಲ. ಬಣ್ಣ ಇದೆ, ಬಟನ್ ಇದೆ, ಒತ್ತಿದರೆ ಬರೀ ಖಾಲಿ. ತಲೆ ಕೆರೆದುಕೊಂಡು ಕೂತು ಕೊನೆಗೆ ಕಂಡುಹಿಡಿದ. ಆ ಪೇಜು ಕ್ಲೌಡಿನಲ್ಲಿ ಕೂತೂ ಹೆಸರುಗಳನ್ನು ಇವನ ಲ್ಯಾಪ್‌ಟಾಪಿನಲ್ಲೇ ಹುಡುಕುತ್ತಿತ್ತು. ಇವನು ಹಳೆಯ ವಿಳಾಸವನ್ನು ಬದಲಿಸದೆ ಕಳಿಸಿದ್ದ.

“ಟ್ರಂಕು ಮುಂದ ಹೋಗೈತಿ, ರೇಷನ್ ಕಾರ್ಡ್ ಹಿಂದಿನ ಊರಾಗ ಉಳದೈತಿ” ಎಂದು ತಾನೇ ನಕ್ಕ. ಮದುವೆಯಾದ ಹೊಸದರಲ್ಲಿ ನಕ್ಕ ಹಾಗೆ ನಕ್ಕ. ವಾಸಂತಿಗೆ ನಗು ಬರಲಿಲ್ಲ. ಅನ್ನ ಆರುತ್ತಿತ್ತು.

ಸಂಘಕ್ಕೆ ಸುದ್ದಿ ಮುಟ್ಟಿತು. ಮುಟ್ಟಿದ ಕೂಡಲೇ ಆ ಆ್ಯಪ್ ಸಂಘದ್ದಾಯಿತು. ಕೃಷ್ಣಪ್ರಸಾದ ಪಂಚಾಂಗ ತೆಗೆದು ಉದ್ಘಾಟನೆಗೆ ಮುಹೂರ್ತ ನೋಡಿದರು. ಒಬ್ಬ ನಿವೃತ್ತ ಅಧಿಕಾರಿಯನ್ನು ಮುಖ್ಯ ಅತಿಥಿ ಮಾಡಿದರು. ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿದರು. ಅದರ ಎದುರು ತೆಂಗಿನಕಾಯಿ ಒಡೆದರು, ನೀರು ಕೀಬೋರ್ಡಿಗೆ ಸಿಡಿಯಿತು. ಕಾಶೀನಾಥ ತನ್ನ ಕರವಸ್ತ್ರದಲ್ಲಿ ಒರೆಸಿ, ಪೇಜು ತೆರೆದು ನೋಡಿ, ಎಲ್ಲ ಬರೋಬರ್ ಇದೆ ಎಂದು ಕೈ ಎತ್ತಿದ. ಆಮೇಲೆ ಪ್ರಾರ್ಥನೆ. ಆಮೇಲೆ ಸ್ವಾಗತ. ಆಮೇಲೆ ಅಧ್ಯಕ್ಷರ ಭಾಷಣ.

ಅಧ್ಯಕ್ಷರು ಕದಂಬರಿಂದ ಹಿಡಿದರು. ಚಾಲುಕ್ಯರು ಬರುವಷ್ಟರಲ್ಲಿ ಹಿಂದಿನ ಸಾಲಿನ ಮಕ್ಕಳು ಹೊರಗೆ ಹೋದರು. ರಾಷ್ಟ್ರಕೂಟರ ಹೊತ್ತಿಗೆ ಮುಖ್ಯ ಅತಿಥಿಯ ಕಣ್ಣು ಮುಚ್ಚಿತು. ಕೊನೆಗೆ ಅವರನ್ನು ತಟ್ಟಿ ಎಬ್ಬಿಸಿ ಬಟನ್ ಒತ್ತಿಸಿದರು. ದೊಡ್ಡ ಪರದೆಯ ಮೇಲೆ ಏನೂ ಬರಲಿಲ್ಲ. ಬಿಳಿ. ನಡುವೆ ಒಂದು ಚಕ್ರ ತಿರುಗುತ್ತಿತ್ತು. ಜನ ಅದನ್ನೇ ನೋಡಿದರು. ಕಾಶೀನಾಥನ ಕುತ್ತಿಗೆ ಬೆವರಿತು. ಯಾರೋ “ಕಾಯಿ ನೀರು ಒಳಗ ಹೋಗೈತಿ” ಅಂದರು. ಯಾರೋ “ಉಪ್ಪಿಟ್ಟು ಆರತೈತ್ರಿ” ಅಂದರು. ಜನ ಎದ್ದು ಉಪ್ಪಿಟ್ಟಿನ ಕಡೆ ನಡೆದ ಮೇಲೆ ಪೇಜು ಬಂತು. ಅದನ್ನು ಕಂಡವರು ಇಬ್ಬರೇ, ಕಾಶೀನಾಥ ಮತ್ತು ವಾಸಂತಿ.

ಆಗಿದ್ದು ಇಷ್ಟೇ. ಪುಕಟ ಕೊಟ್ಟ ಮೂಲೆಗೆ ಒಂದು ಕರಾರು ಇತ್ತು. ಕಾಲು ತಾಸು ಯಾರೂ ಬರದಿದ್ದರೆ ಆ ಮಶೀನು ಮಲಗಿಬಿಡುತ್ತದೆ. ಆಮೇಲೆ ಯಾರಾದರೂ ಬಂದರೆ ಮೈಮುರಿದು ಏಳಲಿಕ್ಕೆ ಹೊತ್ತು ಬೇಕು. ಅಧ್ಯಕ್ಷರ ಭಾಷಣಕ್ಕೆ ಮಂದಿ ಮಲಗುವುದನ್ನು ಸಂಘ ವರ್ಷಗಟ್ಟಲೆ ನೋಡಿತ್ತು. ಆ ದಿನ ಎಲ್ಲೋ ಪರವೂರಿನಲ್ಲಿದ್ದ ಮಶೀನೂ ಮಲಗಿತು.

ಮಲಗಿದರೆ ಏನಾಯಿತು, ಆಮೇಲೆ ಏಳುತ್ತದಲ್ಲ ಅಂದರು ಕೆಲವರು. ಕಾಶೀನಾಥ ಒಪ್ಪಲಿಲ್ಲ. ಕೂಸನ್ನು ಎತ್ತಿಕೊಂಡು ನಿಂತ ಹೆಂಗಸು ಬಿಳಿ ಪರದೆ ಕಂಡರೆ ಕೆಟ್ಟು ಹೋಗಿದೆ ಎಂದು ಮುಚ್ಚಿಬಿಡುತ್ತಾಳೆ ಅಂದ. ದುಡ್ಡು ಕೊಟ್ಟರೆ ಮಲಗದ ಮೂಲೆ ಸಿಗುತ್ತದೆ ಅಂದ. ಕಮಿಟಿ ಚಹಾ ಕುಡಿಯಿತು, ಖಾರದ ರಸ ಸುರಿದ ತರ್ರಿ ಪೋಹಾ ತಿಂದಿತು. ದುಡ್ಡಿನ ಮಾತಿಗೆ ಬಾಯಿ ಖಾಲಿ ಇರಲಿಲ್ಲ.

ಆಗ ಕೃಷ್ಣಪ್ರಸಾದರಿಗೆ ಹೊಳೆಯಿತು. “ಅಖಂಡ ಭಜನೆಗೆ ನಾವು ಪಾಳಿ ಹಾಕೋದಿಲ್ವೇ? ಒಂದು ಮನೆಯವರು ಎದ್ದರೆ ಇನ್ನೊಂದು ಮನೆಯವರು ಕೂರೋದು, ತಾಳ ನಿಲ್ಲಬಾರದು. ಇದಕ್ಕೂ ಹಾಗೇ ಮಾಡೋಣ. ಪಾಳಿ ಪ್ರಕಾರ ಒಂದೊಂದು ಮನೆಯವರು ಪೇಜ್ ತೆಗೀತಾ ಇರಿ. ಮಲಗೋದು ಹೇಗೆ ನೋಡೇ ಬಿಡೋಣ.”

ಚಪ್ಪಾಳೆ ಬಿತ್ತು. ಭಜನೆಯ ಪಾಳಿ ಹಾಕುವುದರಲ್ಲಿ ಈ ಮಂದಿ ಪಳಗಿದವರು. ಯಾವ ಮನೆಯವರ ಹಿಂದೆ ಯಾವ ಮನೆಯವರು ಬರಬೇಕು, ಯಾರಿಗೆ ಯಾರ ಜೊತೆ ಮಾತಿಲ್ಲ, ಎಲ್ಲ ಬಾಯಿಪಾಠ. ನಿಂತ ನಿಲುವಿನಲ್ಲಿ ಪಾಳಿ ಆಯಿತು. ಮೊದಲ ದಿನ ಏನು ಉತ್ಸಾಹ! ಖಾಪರಖೇಡಾದ ಒಬ್ಬ ಅಜ್ಜಿ ಸ್ನಾನ ಮಾಡಿ ಬಂದು ಪೇಜ್ ತೆರೆದು ಅದಕ್ಕೆ ಕೈ ಮುಗಿದಳಂತೆ. ಪಾಳಿ ಮುಗಿದವರು ಸಂಘದ ಗ್ರೂಪಿನಲ್ಲಿ “ನಮ್ಮ ಸೇವೆ ಆಯಿತು” ಎಂದು ಬರೆಯುತ್ತಿದ್ದರು.

ಭಜನೆಗಾದರೆ ಕೊನೆಗೆ ಪ್ರಸಾದ ಇತ್ತು. ಇದಕ್ಕೇನಿತ್ತು? ಬಹಳ ದಿನ ಹೋಗಲಿಲ್ಲ, ಒಬ್ಬೊಬ್ಬರೇ ಜಾರಿದರು. ಒಬ್ಬರಿಗೆ ಧಾರಾವಾಹಿ ಇತ್ತು, ಒಬ್ಬರಿಗೆ ಕಣ್ಣುನೋವು ಇತ್ತು, ಒಬ್ಬರ ನೆಟ್ ಮುಗಿದಿತ್ತು. ಕಾಶೀನಾಥ ಫೋನ್ ಹಚ್ಚಿ “ನಿಮ್ಮ ಪಾಳಿ ಐತ್ರಿ” ಎಂದು ನೆನಪು ಮಾಡಿದ. ಮೊದಮೊದಲು “ಹೌದಲ್ಲ, ಈಗ ತೆಗೀತೀನಿ” ಅಂದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಮೊದಲು ಬಿಟ್ಟವರು ಅಧ್ಯಕ್ಷರು.

ಬಿಟ್ಟವರ ಪಾಳಿಯನ್ನೆಲ್ಲ ಕಾಶೀನಾಥ ತಾನು ತೆಗೆದುಕೊಂಡ. ಮೊಬೈಲಿನಲ್ಲಿ ಅಲಾರಂ ಇಟ್ಟ. ಅದು ಬಡಿದುಕೊಂಡಾಗೊಮ್ಮೆ ಪೇಜು ತೆರೆಯುವುದು, ನೋಡುವುದು, ಮುಚ್ಚುವುದು. ಊಟದ ತಟ್ಟೆಯ ಮುಂದೆ ಬಡಿಯಿತು. ಬಚ್ಚಲಿನಲ್ಲಿ ಬಡಿಯಿತು. ಯಾರದೋ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಬಡಿದು, ಅಕ್ಷತೆ ಹಿಡಿದ ಮಂದಿಯೆಲ್ಲ ಇವನ ಕಡೆ ತಿರುಗಿದರು.

“ಏನ್ರೀ, ಅದೇನ ಹಸುಗೂಸು? ಗಳಿಗಿಗೊಮ್ಮೆ ಎಬ್ಬಸಾಕ?”

“ಎಬ್ಬಸಲಿಲ್ಲಂದ್ರ ಮಕ್ಕೊಂತೈತಿ.”

“ಮಕ್ಕೊಳ್ಳಲಿ. ನೀವೂ ಮಕ್ಕೊಳ್ರಿ.”

“ಆದರೂ” ಅಂದ.

ವಾಸಂತಿಯ ತಂಗಿಯ ಮಗಳ ಮದುವೆ ಬಂತು. ರೈಲಿನ ದಾರಿಯಲ್ಲಿ ಕಾಡು ಬರುತ್ತದೆ, ಸಿಗ್ನಲ್ ಸಿಗುವುದಿಲ್ಲ ಎಂದು ಅವನು ಹೊರಡಲಿಲ್ಲ. ವಾಸಂತಿ ಒಬ್ಬಳೇ ಹೋಗಿ ಬಂದಳು. ಎಲ್ಲರೂ ಗಂಡ ಎಲ್ಲಿ ಎಂದು ಕೇಳಿದರು. ಮಶೀನು ಎಬ್ಬಿಸಾಕ ಕೂತಾರ ಎಂದು ಹೇಳಲಿಕ್ಕೆ ಆಗುತ್ತದೆಯೇ? ಮೈಯಲ್ಲಿ ಆರಾಮಿಲ್ಲ ಅಂದಳು.

ಹಾಗಂತ ಆ ಪೇಜು ಕೆಲಸಕ್ಕೆ ಬಾರದ್ದು ಅನ್ನುವ ಹಾಗೂ ಇರಲಿಲ್ಲ. ಫೋನ್ ಬರುತ್ತಿದ್ದವು. ಪೇಜಿನಲ್ಲಿ ಎಷ್ಟೋ ಹೆಸರಿದ್ದವು, ಎತ್ತುವವಳು ವಾಸಂತಿ ಒಬ್ಬಳೇ ಆದ್ದರಿಂದ ಕೊನೆಗೆ ಎಲ್ಲವೂ ಇವಳಿಗೇ ಬರುತ್ತಿದ್ದವು. ದವಾಖಾನೆಯಿಂದ, ಶಾಲೆಯಿಂದ, ಒಮ್ಮೆ ಪೊಲೀಸ್ ಚೌಕಿಯಿಂದ. “ಅಳಬ್ಯಾಡವಾ, ಫೋನ್ ಆ ಮನಷಾನ ಕೈಯಾಗ ಕೊಡು” ಎಂದು ಹೇಳಿ, ಆ ಮನುಷ್ಯನಿಗೆ ಹಿಂದಿಯಲ್ಲಿ ನಾಲ್ಕು ಮಾತು ಝಾಡಿಸಿ, ಮತ್ತೆ ಅವಳಿಗೆ ಕನ್ನಡದಲ್ಲಿ ತಿಳಿಸಿ ಹೇಳುತ್ತಿದ್ದಳು. ಮಾತು ಮುಗಿದ ಮೇಲೆ ಕಾಶೀನಾಥ ತಾನೇ ಎದ್ದು ಹೋಗಿ ಅವಳಿಗೊಂದು ಚಹಾ ಮಾಡಿ ತರುತ್ತಿದ್ದ. ಸಕ್ಕರೆ ಯಾವಾಗಲೂ ಹೆಚ್ಚು.

ಸಂಘದಲ್ಲಿ ಸಂಕೇತ ಅಂತ ಒಬ್ಬನಿದ್ದ. ನಾಗಪುರದಲ್ಲೇ ಹುಟ್ಟಿದವ, ಕನ್ನಡ ಮಾತಾಡುತ್ತಾನೆ, ಓದಲಿಕ್ಕೆ ಬರುವುದಿಲ್ಲ. ವಿಮಾನ ನಿಲ್ದಾಣದ ಕಡೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನೌಕರಿ. ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ, ಬೆನ್ನಿಗೆ ಚೀಲ. ಒಂದು ಸಂಜೆ ಕಾಶೀನಾಥನ ಅಲಾರಂ ಕೇಳಿ ಹೊಟ್ಟೆ ಹಿಡಿದು ನಕ್ಕ.

“ಅರೆ ಕಾಕಾ! ಇದಕ್ಕ ಮನಷಾ ಯಾಕ ಬೇಕು? ಎರಡು ಮಿನಿಟಿನ ಕಾಮ್ ಐತಿ. ಬ್ಯಾರೆ ಒಂದು ಮಶೀನಿಗೆ ಹೇಳಿದ್ರ ಅದ ಹೋಗಿ ಇದರ ಬಾಗಲಾ ಬಡೀತೈತಿ. ಅದೂ ಫುಕಟ್. ರವಿವಾರ ಬಂದು ಮಾಡಿಕೊಡ್ತೀನಿ, ಪಕ್ಕಾ.”

ಆ ರವಿವಾರಕ್ಕೆ ವಾಸಂತಿ ಕಾದಳು. ಸಂಕೇತ ಬಂದದ್ದು ಅವಳಿಗೆ ಕಾಣಲಿಲ್ಲ. ಮುಂದಿನ ರವಿವಾರವೂ ಕಾಣಲಿಲ್ಲ. ಆಮೇಲೆ ಪ್ರತಿ ವಾರವೂ ಅವಳದು ಒಂದೇ ಮಾತಾಯಿತು.

“ಬಂದನೇನ್ರೀ ನಿಮ್ಮ ಎರಡು ಮಿನಿಟಿನ ಸಾಹೇಬಾ?”

ಕಾಶೀನಾಥ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಕಲಿತವರ ಮಾತು ಇಷ್ಟೇ, ಕೊರಳಿನ ಪಟ್ಟಿಯಷ್ಟು ಉದ್ದ ಎಂದು ಅವಳು ತನ್ನಷ್ಟಕ್ಕೇ ಬೈದುಕೊಂಡು ರೊಟ್ಟಿ ಬಡಿಯುತ್ತಿದ್ದಳು.

ಮೇ ತಿಂಗಳು. ನಾಗಪುರದ ಬಿಸಿಲು ಗೊತ್ತಲ್ಲ, ಹಕ್ಕಿ ಸಹ ನೆರಳು ಬಿಡುವುದಿಲ್ಲ. ಮಧ್ಯಾಹ್ನ ಕೂಲರ್ ಮುಂದೆ ಕೂತಿದ್ದವನು ಎದೆ ಹಿಡಿದುಕೊಂಡ. ಅದೇ ಹೊತ್ತಿಗೆ ಅಲಾರಂ ಬಡಿಯಿತು. ಅವನು ಮೊದಲು ಪೇಜು ತೆರೆದ, ಬಂತೋ ಇಲ್ಲವೋ ನೋಡಿದ, ಆಮೇಲೆ ಹೆಂಡತಿಯನ್ನು ಕರೆದ. ಅವಳು ಅಡುಗೆಮನೆಯ ಬಾಗಿಲಿನಿಂದ ಅದನ್ನು ಕಣ್ಣಾರೆ ನೋಡಿದಳು. ಆ ಒಂದಕ್ಕೆ ಅವಳು ಅವನನ್ನು ಮಾಫ್ ಮಾಡಿಲ್ಲ. ಮುಂದೆಯೂ ಮಾಡುವುದಿಲ್ಲ.

ದವಾಖಾನೆಯಲ್ಲಿ ಅವನು ಸಂಜೆಯವರೆಗೂ ಉಳಿಯಲಿಲ್ಲ. ಅವನ ಫೋನ್ ಇವಳ ಚೀಲದಲ್ಲಿತ್ತು. ಅದು ಬಡಿಯುತ್ತಲೇ ಇತ್ತು. ಹೇಗೆ ನಿಲ್ಲಿಸುವುದು ಎಂದು ಇವಳಿಗೆ ತಿಳಿಯಲಿಲ್ಲ. ಹೆಣ ಮನೆಗೆ ಬಂದಾಗ ಬಡಿಯಿತು, ಮೈ ತೊಳೆಯುವಾಗ ಬಡಿಯಿತು. ಹೊತ್ತು ಒಯ್ಯಲು ಎಲ್ಲರೂ ಬಗ್ಗಿದಾಗ ಬಡಿಯಿತು.

“ಅಮ್ಮಾ, ಫೋನ್ ಸ್ವಲ್ಪ ಆಫ್ ಮಾಡಿಸಿ. ಇಂಥ ಹೊತ್ತಲ್ಲಿ...” ಅಂದರು ಕೃಷ್ಣಪ್ರಸಾದ.

ವಾಸಂತಿ ಅವರ ಮುಖ ನೋಡಿದಳು. ಅದು ಅವರ ಪಾಳಿಯ ಹೊತ್ತಾಗಿತ್ತು.

ಯಾರೋ ಫೋನ್ ಬಂದ್ ಮಾಡಿಕೊಟ್ಟರು. ಅಂದಿನಿಂದ ಪೇಜು ಮಲಗಿತು. ಮಲಗಲಿ ಅಂದಳು. ನನ್ನ ಗಂಡನನ್ನು ನುಂಗಿದ್ದನ್ನು ಇನ್ನು ಎಬ್ಬಿಸುವುದಿಲ್ಲ ಅಂದಳು. ಅಂದ ಮಾತಿನಂತೆ ಇದ್ದಳು ಕೂಡ, ಲಾಸ್ಯ ಬರುವವರೆಗೆ.

ಕಾಮಠಿಯಿಂದ ಬಸ್ಸು ಬದಲಿಸಿ ಬಂದಿದ್ದಳು. ಟೊಂಕದ ಮೇಲೆ ಕೂಸು, ಈಗ ಅದಕ್ಕೆ ಹಲ್ಲು ಬಂದಿದ್ದವು. ನೀರು ಕುಡಿದು ಬಾಯಿ ತೆರೆದಳು.

“ಅಕ್ಕಾರ, ನಮ್ಮ ಬಾಜೂಕ ಒಬ್ಬಾಕಿ ಹೊಸದಾಗಿ ಬಂದಾಳ್ರಿ, ಬಸರಿ. ಅಕಿಗೆ ಮಾಮಾರ ಪೇಜ್ ತೋರಸಾಕ ಹ್ವಾದೆ. ಬರೇ ಬಿಳೀದು ಬರತೈತ್ರಿ. ಅಕಿ, ಇದು ಸತ್ತ ಆ್ಯಪ್ ಬಿಡು ಅಂದ್ಲು.” ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, “ಮಾಮಾರ ಕೂಡ ಅದೂ ಹೋತೇನ್ರಿ?”

ವಾಸಂತಿ ಕೂಸಿನ ಕೈಗೆ ಬಿಸ್ಕೀಟು ಕೊಟ್ಟಳು. ಉತ್ತರ ಏನೆಂದು ಕೊಡುವುದು? ಹೋಗಿಲ್ಲ ಅಂದರೆ ನಾಳೆಯಿಂದ ಕಾಲು ತಾಸಿಗೊಮ್ಮೆ ಎಬ್ಬಿಸುತ್ತ ಕೂಡಬೇಕು, ಸಾಯುವವರೆಗೆ, ಅವನ ಹಾಗೆ. ಹೋಯಿತು ಅಂದರೆ ಆ ಬಸುರಿ ಹೆಂಗಸು ನಾಳೆ ಡಾಕ್ಟರ ಮುಂದೆ ಕೂತು ಕೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾಳೆ. ಎರಡೂ ಅವಳಿಗೆ ಬೇಡವಾಗಿತ್ತು. ಲಾಸ್ಯ ಹೋದ ಮೇಲೆ ಅವಳು ಗಂಡನ ಫೋನ್ ಹೊರಗೆ ತೆಗೆದಳು, ನೋಡಿದಳು, ಮತ್ತೆ ಒಳಗೆ ಇಟ್ಟಳು.

ಅದೇ ವಾರ ಕೃಷ್ಣಪ್ರಸಾದ ಬಂದರು. ಹಣ್ಣು ತಂದಿದ್ದರು.

“ನೋಡಿ ವಾಸಂತಿಯವರೇ, ಸಂಘ ಒಂದು ತೀರ್ಮಾನ ತಗೊಂಡಿದೆ. ಆ ಆ್ಯಪಿಗೆ ‘ಕಾಶೀನಾಥ ಕನ್ನಡ ಜ್ಯೋತಿ’ ಅಂತ ಹೆಸರಿಡ್ತೀವಿ. ಮತ್ತೊಂದು ಸಲ ಉದ್ಘಾಟನೆ. ದೀಪ ನೀವೇ ಹಚ್ಚಬೇಕು. ಗಂಡ ಹೋದವರು ಹಚ್ಚಬಾರದು ಅಂತೆಲ್ಲ ನಾವು ನೋಡೋರಲ್ಲ. ನಮ್ಮದು ಹೊಸ ಕಾಲದ ಸಂಘ.”

“ಎಬ್ಬಸವರು ಯಾರ್ರೀ?” ಅಂದಳು.

“ಅಂದ್ರೆ?”

“ಪಾಳಿ. ಯಾರದು?”

ಅವರು ಸ್ವಲ್ಪ ನಕ್ಕರು. “ನೀವು ಮನೆಯಲ್ಲೇ ಇರ್ತೀರಲ್ಲಮ್ಮಾ. ನಿಮಗೂ ಒಂದು ಕೆಲಸ ಆಗತ್ತೆ. ಮನಸ್ಸಿಗೆ ಸಮಾಧಾನ.”

“ನನ್ನ ಮನಸ್ಸಿನ ಚಿಂತಿ ನಿಮಗ್ಯಾಕ್ರೀ ಅಧ್ಯಕ್ಷರ. ಆತು, ಬರತೀನಿ” ಅಂದಳು. ಅವರಿಗೆ ಎರಡನೆಯ ಮಾತಷ್ಟೇ ಕೇಳಿಸಿತು. ಖುಷಿಯಿಂದ ಎದ್ದು ಹೋದರು.

ಆ ದಿನ ಹಾಲ್ ತುಂಬಿತ್ತು. ಸತ್ತವರ ಹೆಸರಿಗೆ ಈ ಮಂದಿ ಬರುತ್ತಾರೆ, ಇದ್ದವರ ಫೋನಿಗೆ ಬರುವುದಿಲ್ಲ. ಮೇಜಿನ ಮೇಲೆ ಕಾಶೀನಾಥನ ಫೋಟೋ, ಸೇವಂತಿಗೆ ಮಾಲೆ. ಫೋಟೋದಲ್ಲಿ ಅವನು ಯಾರಿಗೋ ಸೆಲ್ಯೂಟ್ ಮಾಡಲಿಕ್ಕೆ ನಿಂತವನ ಹಾಗೆ ನೆಟ್ಟಗಿದ್ದ. ಅಧ್ಯಕ್ಷರು ಈ ಸಲ ಹೊಯ್ಸಳರಿಂದ ಹಿಡಿದರು. ಆಮೇಲೆ ವಾಸಂತಿಯ ಕೈಗೆ ಬೆಂಕಿಪೊಟ್ಟಣ ಕೊಟ್ಟು, ಎರಡು ಮಾತು ಆಡಿ ಎಂದು ಇನ್ನೊಂದು ಕೈಗೆ ಮೈಕ್ ಕೊಟ್ಟರು.

ಅವಳು ಬೆಂಕಿಪೊಟ್ಟಣವನ್ನು ಮೇಜಿನ ಮೇಲೆ ಇಟ್ಟಳು.

“ಸಂಕೇತ ಬಂದಾನೇನು?” ಅಂದಳು.

ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವನು ತಲೆ ಎತ್ತಿದ.

“ಎರಡು ಮಿನಿಟಿನ ಕೆಲಸ ಅಂದಿದ್ದೆಲ್ಲೋ. ಈಗ ಮಾಡು. ದೀಪ ಆಮ್ಯಾಲೆ.”

ಕೃಷ್ಣಪ್ರಸಾದ ಬಗ್ಗಿ, “ಅಮ್ಮಾ, ಅದೆಲ್ಲ ಆಮೇಲೆ ಮಾಡಬಹುದು, ಮುಹೂರ್ತ ಮೀರತ್ತೆ” ಅಂದರು.

“ಮೀರಲ್ರಿ. ಅವರು ಮೀರಿ ಹೋಗ್ಯಾರ. ಮುಹೂರ್ತದ್ದೇನು?”

ಸಂಕೇತ ಎದ್ದು ಬಂದ. ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡ. ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಯಾವುದೋ ಒಂದು ಜಾಗ ತೆರೆದ. ಪೇಜಿನ ವಿಳಾಸ ಬರೆದ. ಎಷ್ಟು ಹೊತ್ತಿಗೊಮ್ಮೆ ಬಾಗಿಲು ಬಡಿಯಬೇಕು ಎಂದು ಆರಿಸಿದ. ಒತ್ತಿದ. ಪಕ್ಕದಲ್ಲಿ ಒಂದು ಹಸಿರು ಚುಕ್ಕೆ ಬಂತು.

“ಆಯ್ತು ಕಾಕು.”

“ಏನಾತು?”

“ಅಷ್ಟ. ಇನ್ನ ಮಲಗೂದಿಲ್ಲ. ಯಾರೂ ಎಬ್ಬಸೂದು ಬ್ಯಾಡ.”

ಯಾರೋ ಚಪ್ಪಾಳೆ ಶುರು ಮಾಡಿದರು. ವಾಸಂತಿ ಕೈ ಎತ್ತಿದ್ದಕ್ಕೆ ನಿಂತಿತು. ಅವಳ ದನಿ ಏರಲಿಲ್ಲ.

“ಇಷ್ಟಕ್ಕೇನೋ? ಇಷ್ಟಕ್ಕ ನನ್ನ ಗಂಡ ಉಣ್ಣದ, ತಿರಗದ, ದವಾಖಾನಿಗೆ ಹೋಗದ ಕೂತಿದ್ದು? ನಿನಗ ಒಂದ ಒಂದು ರವಿವಾರ ಬರಾಕ ಆಗಲಿಲ್ಲಲ್ಲೋ.”

ಸಂಕೇತನ ಮುಖ ಕೆಂಪಾಯಿತು. ಅವನು ಅಧ್ಯಕ್ಷರ ಕಡೆ ನೋಡಿದ, ಫೋಟೋದ ಕಡೆ ನೋಡಿದ. ಆಮೇಲೆ ಮೈಕಿಗೆ ಕೇಳಿಸದ ಹಾಗೆ ಹತ್ತಿರ ಬಂದು ಮೆಲ್ಲಗೆ ಹೇಳಿದ.

“ಬಂದಿದ್ದೆ ಕಾಕು.”

“ಸುಳ್ಳ ಹೇಳಬ್ಯಾಡ.”

“ಆಯೀಚೀ ಶಪಥ್ ಕಾಕು, ಅವ್ವನ ಆಣಿ, ಬಂದಿದ್ದೆ. ಹೇಳಿದ ರವಿವಾರನ ಬಂದಿದ್ದೆ. ನೀವು ಬಜಾರಿಗೆ ಹೋಗಿದ್ರಿ. ಕಾಕಾ ಚಾ ಮಾಡಿ ಕೊಟ್ರು. ಲ್ಯಾಪ್‌ಟಾಪ್ ತೆಗೀಲಿಕ್ಕೆ ಹೋದ್ರ ಕೈ ಹಿಡಕೊಂಡ್ರು. ‘ಬ್ಯಾಡ ಬಿಡೋ’ ಅಂದ್ರು.”

“ಯಾಕ?”

“‘ಇದನ್ನೂ ಮಶೀನ ಮಾಡಿದ್ರ ನಾ ಏನ ಮಾಡಲೋ? ನನಗೊಂದು ಡ್ಯೂಟಿ ಇರಲಿ’ ಅಂದ್ರು. ನಿಮಗ ಹೇಳಬ್ಯಾಡ ಅಂತ ವಚನ ತಗೊಂಡ್ರು. ಸಕ್ಕರೆ ಬಹಳ ಹಾಕಿದ್ರು ಚಾಕ್ಕ.”

ವಾಸಂತಿ ಫೋಟೋದ ಕಡೆ ತಿರುಗಿದಳು. ಅವನು ಹಾಗೇ ನೆಟ್ಟಗೆ ನಿಂತಿದ್ದ. ವಾರ ವಾರ ಅವಳು ಬೈದಳಲ್ಲ, ಎರಡು ಮಿನಿಟಿನ ಸಾಹೇಬ ಎಂದು, ಆಗೆಲ್ಲ ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಕೂತಿದ್ದ. ಒಂದು ಮಾತು ಆಡಿರಲಿಲ್ಲ. ಆಡಿದ್ದರೆ ಅವಳು ತಾನೇ ಹೋಗಿ ಆ ಹುಡುಗನ ಕಿವಿ ಹಿಡಿದು ಎಳೆದುಕೊಂಡು ಬಂದು ಮಾಡಿಸುತ್ತಿದ್ದಳು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಖೋಡಿ!” ಅಂದಳು.

ಮೈಕ್ ಕೈಯಲ್ಲೇ ಇತ್ತು. ಎರಡೂ ಸ್ಪೀಕರ್ ಡಬ್ಬಿಗಳಿಂದ ಆ ಬೈಗುಳ ದೊಡ್ಡದಾಗಿ ಹೊರಬಿತ್ತು. ಸಂಕೇತ ತನಗೇ ಅಂದಳೆಂದು ತಲೆ ತಗ್ಗಿಸಿದ. ಕೃಷ್ಣಪ್ರಸಾದ ತಮಗೇ ಎಂದು ತಿಳಿದು ಮೇಜಿನ ಹಿಂದಕ್ಕೆ ಸರಿದರು. ಮುಂದಿನ ಸಾಲಿನ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರವರಿಗೆ ಅವರವರ ಪಾಳಿ ನೆನಪಾಗಿರಬೇಕು.

ಬೈದದ್ದು ಅವರಿಗಲ್ಲ, ಫೋಟೋದಲ್ಲಿದ್ದವನಿಗೆ ಎಂದು ಹೇಳಬಹುದಿತ್ತು. ವಾಸಂತಿ ಹೇಳಲಿಲ್ಲ. ಮೈಕನ್ನು ಅಧ್ಯಕ್ಷರ ಕೈಗೆ ವಾಪಸ್ ಕೊಟ್ಟಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಇಡೀ ಹಾಲ್ ನೋಡುತ್ತಿದ್ದ ಹಾಗೇ ಕುರ್ಚಿ ಎಳೆದು ಗಂಡನ ಫೋಟೋಕ್ಕೆ ಬೆನ್ನು ತಿರುಗಿಸಿ ಕೂತಳು. ದೀಪವನ್ನು ಬೇರೆ ಯಾರೋ ಹಚ್ಚಿದರು.